ಕುವೈತಿನಿಂದ ಬಂದವಳು

ಸಂಜೆ ಡ್ಯೂಟಿ ಮುಗಿಸಿ ಬಂದ ಪ್ರಭಾಕರನಿಗೆ ಕಾಫಿ ಇಲ್ಲದಿದ್ದರೂ ನಡೆಯುತ್ತಿತ್ತು, ಕೇಳುವ ಕಿವಿ ಬೇಕಿತ್ತು. ವಿಶಾಖಪಟ್ಟಣದ ಕಾರ್ಖಾನೆಯೊಂದರ ಟೌನ್‌ಶಿಪ್ಪಿನಲ್ಲಿ ತೊಂಬತ್ತೊಂದರ ಆ ಜನವರಿಯಲ್ಲಿ ಕಿವಿಗಳಿಗೇನೂ ಬರವಿರಲಿಲ್ಲ.

"ಎಂಟು ವರ್ಷ ಇರಾನ್ ಜೊತೆ ಕಾದಾಡಿ ಇರಾಕ್ ಬರಿಗೈ ಆಗಿತ್ತು ನೋಡಿ. ಅಷ್ಟರಲ್ಲಿ ಕುವೈತ್ ಎಣ್ಣೆ ಹರಿಸಿ ಹರಿಸಿ ಬೆಲೆ ಇಳಿಸ್ತು. ಗಡಿ ಜಗಳ ಹಳೇದು. ಆಗಸ್ಟಲ್ಲಿ ಟ್ಯಾಂಕು ನುಗ್ಗಿಸಿದ್ರು. ಗಡುವು ಕೊಟ್ರೂ ಜಾಗ ಬಿಡ್ಲಿಲ್ಲ, ಈಗ ಬಾಂಬು ತಿಂತಿದಾರೆ," ಎಂದು ನೆರೆಯವರಿಗೆ ವಿವರಿಸುತ್ತಿದ್ದ.

ಒಳಗೆ ಅವನ ತಂಗಿ ಕಮಲಾಕ್ಷಿ ತರಕಾರಿ ಹೆಚ್ಚುತ್ತಿದ್ದಳು. ಆ ಟ್ಯಾಂಕುಗಳನ್ನು ಕಣ್ಣಾರೆ ಕಂಡವಳು ಅಲ್ಲಿ ಅವಳೊಬ್ಬಳೇ. ಕುವೈತಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ಬಸ್ಸಿನಲ್ಲಿ ಬಾಗ್ದಾದ್ ದಾಟಿ, ಜೋರ್ಡಾನಿನ ಮರಳಿನಲ್ಲಿ ಡೇರೆಯೊಳಗೆ ಬಿದ್ದಿದ್ದು, ಸೆಪ್ಟೆಂಬರಿನಲ್ಲಿ ವಿಮಾನ ಹತ್ತಿ ಬಂದಿದ್ದಳು. ಅಣ್ಣ ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಏನು ಉತ್ತರ ಬರುತ್ತದೋ ಎಂಬ ಹೆದರಿಕೆ. ಟೌನ್‌ಶಿಪ್ಪಿನ ಹೆಂಗಸರಿಗೆ ಅಂಥ ಸಂಕೋಚವಿರಲಿಲ್ಲ. "ಸಿಪಾಯಿಗಳು ವಯಸ್ಸಿನ ಹೆಣ್ಣನ್ನ ಸುಮ್ನೆ ಬಿಟ್ಟಿರ್ತಾರಾ?" ಎಂದು ಅವಳಿಗೆ ಕೇಳಿಸುವಂತೆಯೇ ಆಡಿಕೊಳ್ಳುತ್ತಿದ್ದರು.

ಬಂದ ಸಂಬಂಧಗಳೆಲ್ಲ ಕುವೈತಿನ ಹೆಸರು ಕೇಳಿ ಹಿಂದೆ ಸರಿದವು. ಕೊನೆಗೆ ವಿಜಯವಾಡದಿಂದ ಒಂದು ಬಂತು. ಹುಡುಗ ಶ್ರೀಕಂಠ, ಬ್ಯಾಂಕಿನಲ್ಲಿ ಅಧಿಕಾರಿ, ಇವರಂತೆಯೇ ತುಮಕೂರಿನ ಕಡೆಯವನು. ಅವನ ತಾಯಿ ಸುಲೋಚನಮ್ಮ ಫೋನಿನಲ್ಲಿ ಪ್ರಭಾಕರನಿಗೆ ಒಂದು ಷರತ್ತು ಹಾಕಿದರು. ಅವನು ಒಪ್ಪಿಕೊಂಡ. ತಂಗಿಗೆ ಮಾತ್ರ, "ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟಕ್ಕೆ ಹೋಗಿ ದೇವಿ ಅಮ್ಮನ ದರ್ಶನ ಮಾಡ್ಕೊಂಡು ಬರೋಣ," ಎಂದ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಇಂಥವರನ್ನು ನೋಡಿಯೇ ಹೇಳಿರಬೇಕು.

ವಿಜಯವಾಡದಲ್ಲಿ ರಿಕ್ಷಾ ಬೆಟ್ಟಕ್ಕೆ ಹೋಗಲಿಲ್ಲ. ಒನ್ ಟೌನ್ ಎಂಬ ಹಳೇ ಪೇಟೆಯ ಸಗಟು ಅಂಗಡಿಗಳ ನಡುವೆ ನುಸುಳಿ ಸಣ್ಣದೊಂದು ನರ್ಸಿಂಗ್ ಹೋಮಿನ ಮುಂದೆ ನಿಂತಿತು. ಒಳಗೆ ಬೆಂಚಿನ ಮೇಲೆ ಸುಲೋಚನಮ್ಮ ಹೂವಿನ ಪೊಟ್ಟಣ ಹಿಡಿದು ಕಾಯುತ್ತಿದ್ದರು.

"ಬಾಮ್ಮ. ನಮ್ಮ ಡಾಕ್ಟರಮ್ಮ ಒಳ್ಳೆಯವರು. ಒಂದ್ಸಲ ನೋಡ್ಬಿಡ್ಲಿ."

ಕಮಲಾಕ್ಷಿ ಅಣ್ಣನ ಮುಖ ನೋಡಿದಳು. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ಏನು ನೋಡ್ತಾರೆ ಅಂತ ನಿಂಗೆ ಗೊತ್ತಿತ್ತಾ ಅಣ್ಣಾ?"

"ನಿನ್ನ ಒಳ್ಳೇದಕ್ಕೇ ಕಣೇ. ಐದು ನಿಮಿಷದ ಕೆಲಸ. ಜನರ ಬಾಯಿ ಮುಚ್ಚುತ್ತೆ."

"ನಾನು ನರ್ಸು. ಇದರಿಂದ ಏನೂ ಗೊತ್ತಾಗಲ್ಲ."

"ಏನೂ ಗೊತ್ತಾಗಲ್ಲ ಅಂದ್ಮೇಲೆ ಭಯ ಯಾಕಮ್ಮ?" ಎಂದರು ಸುಲೋಚನಮ್ಮ.

ಹೋಗದಿದ್ದರೆ ತಪ್ಪು ಒಪ್ಪಿಕೊಂಡಂತೆ. ಕಮಲಾಕ್ಷಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಬಾಗಿಲು ಮುಚ್ಚಿತು. ಒಮ್ಮೆ ಅವಳು ನೋವಿನಿಂದ ಕೂಗಿದ್ದು ಕೇಳಿಸಿತು, ಆಮೇಲೆ ಅದೂ ನಿಂತಿತು. ಪ್ರಭಾಕರ ಬೆಂಚಿನ ಮೇಲೇ ಕೂತಿದ್ದ. ಎದ್ದು ಬಾಗಿಲು ಬಡಿಯಲು ಆ ಹೇಡಿಗೆ ಧೈರ್ಯ ಬರಲಿಲ್ಲ.

ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಬಂದರು. ಹಿಂದೆಯೇ ಬಂದ ಕಮಲಾಕ್ಷಿಯತ್ತ ತಿರುಗಿಯೂ ನೋಡದೆ ಸುಲೋಚನಮ್ಮನಿಗೆ ಹೇಳಿದರು: "ಏಮೀ ಲೇದಮ್ಮಾ. ಅಮ್ಮಾಯಿ ಬಾಗಾನೇ ಉಂದಿ." ಏನೂ ಆಗಿಲ್ಲ, ಹುಡುಗಿ ಸರಿಯಾಗಿಯೇ ಇದ್ದಾಳೆ ಎಂದು.

ಸುಲೋಚನಮ್ಮನ ಮುಖ ಅರಳಿತು. ಹೂವು ಬಿಚ್ಚಿ ಮುಡಿಸಲು ಬಂದರು. "ಬೇಜಾರು ಮಾಡ್ಕೋಬೇಡಮ್ಮ. ನಾಳೆ ನಾಲ್ಕು ಜನ ಮಾತಾಡಿದ್ರೆ ನಿನ್ನ ಪರ ನಿಲ್ಲೋಳು ನಾನೇ ತಾನೆ? ನಡೀರಿ, ಬೆಟ್ಟ ಹತ್ತಿ ಅಮ್ಮನ ಮುಂದೆ ಮದುವೆ ದಿನ ಗೊತ್ತು ಮಾಡೋಣ."

ಕಮಲಾಕ್ಷಿ ತಲೆ ಹಿಂದಕ್ಕೆಳೆದುಕೊಂಡಳು. ಮಾತಾಡಿದ್ದು ಅಣ್ಣನೊಡನೆ, ತಣ್ಣಗೆ.

"ಬಾಗ್ದಾದಿನ ದಾರಿಯುದ್ದಕ್ಕೂ ಸಿಪಾಯಿಗಳು ತಡೆದ್ರು ಅಣ್ಣಾ. ಕೈಯಲ್ಲಿ ಬಂದೂಕಿತ್ತು. ಆದ್ರೂ ಅವರು ಬಿಚ್ಚಿಸಿದ್ದು ನನ್ನ ಪೆಟ್ಟಿಗೆ ಮಾತ್ರ."

ಪ್ರಭಾಕರ ಸುಲೋಚನಮ್ಮನ ಕಡೆ ತಿರುಗಿದ. "ಈ ಸಂಬಂಧ ಬೇಡಮ್ಮ," ಎಂದ.

"ಯೋಚ್ನೆ ಮಾಡ್ರಿ," ಎಂದರು ಸುಲೋಚನಮ್ಮ. "ಡಾಕ್ಟರ ಹತ್ರ ತೋರಿಸಿದ ಮೇಲೆ ಮುರೀತು ಅಂದ್ರೆ ಜನ ಏನಂದ್ಕೋತಾರೆ? ಹುಡುಗಿ ಸರಿಯಿದಾಳೆ ಅಂತ ನಾನು ಡಂಗುರ ಹೊಡೀತಾ ಕೂರಲ್ಲ."

"ಅಂದ್ಕೊಳ್ಳಲಿ. ನಾನು ಬದುಕಿರೋವರೆಗೂ ಇನ್ಯಾರಿಗೂ ಇವಳನ್ನ ಹೀಗೆ ತೋರಿಸಲ್ಲ."

ಹೊರಗೆ ಹೋಗಿ ಅವನೇ ಸೈಕಲ್ ರಿಕ್ಷಾ ನಿಲ್ಲಿಸಿದ. ಕಮಲಾಕ್ಷಿ ನಿಧಾನವಾಗಿ ಹತ್ತಿದಳು. ನೆಟ್ಟಗೆ ಕೂರಲಾಗದೆ ಒಂದು ಪಕ್ಕಕ್ಕೆ ಒರಗಿದಳು. ಅವನೂ ಹತ್ತಲೆಂದು ಕಾಲಿಟ್ಟ.

"ನೀನು ಬೇರೆ ರಿಕ್ಷಾ ಮಾಡ್ಕೊಂಡು ಬಾ," ಎಂದಳು.

ಪ್ರಭಾಕರ ಕಾಲು ಕೆಳಗಿಳಿಸಿದ. ರೈಲ್ವೆ ಸ್ಟೇಷನ್ನಿಗೆ ಹೋಗುವಂತೆ ರಿಕ್ಷಾದವನಿಗೆ ಹೇಳಿ, ತಾನು ಅದರ ಹಿಂದೆ ನಡೆಯತೊಡಗಿದ.