ನೆಂಟರೆದುರಿನ ಸರ

ಆಶ್ರಿತಾ ಮಣಿಪಾಲದ ಸಣ್ಣದೊಂದು ಟಿವಿ ಚಾನೆಲ್‌ನಲ್ಲಿ ಸುದ್ದಿಯ ವಿಡಿಯೊ ಕತ್ತರಿಸಿ ಜೋಡಿಸುವವಳು. ಬಡ ತಾಯಂದಿರಿಗೆ ಸರಕಾರ ತಿಂಗಳು ತಿಂಗಳು ಕೊಡುವ ಸಹಾಯ ಬೇಕೇ, ಬೇಡವೇ ಎಂಬುದು ಅಂದು ಸಂಜೆಯ ಚರ್ಚೆ. ಆ ಸಹಾಯ ಪಡೆಯುವ, ಕೆಮ್ಮಣ್ಣು ಊರಿನಲ್ಲಿ ಮೀನು ಮಾರುವ ಜಲಜಾಳ ಮನೆಯ ದೃಶ್ಯ ಆಶ್ರಿತಾಳ ಮುಂದಿತ್ತು. ಇಸ್ತ್ರಿ ಹಾಕಿದ ಸೀರೆ, ಕೊರಳಲ್ಲಿ ದಪ್ಪ ಚಿನ್ನದ ಸರ, ಕೈಯಲ್ಲಿ ಕ್ಯಾಮೆರಾದವರಿಗೆಂದು ಬೆಲ್ಲ, ನೀರು. ಮುಖ್ಯಸ್ಥ ರಿತೇಶನ ಕಣ್ಣು ಬಿದ್ದದ್ದು ಸರದ ಮೇಲೆ ಮಾತ್ರ. ಅದನ್ನೇ ಪರದೆ ತುಂಬ ದೊಡ್ಡದು ಮಾಡು, ಚರ್ಚೆ ತಾನಾಗಿ ಕಾವೇರುತ್ತದೆ ಎಂದ.

ಆಶ್ರಿತಾಳಿಗೆ ಅಲೆವೂರಿನ ಹಳೆಯ ದಿನಗಳು ಕಣ್ಮುಂದೆ ಬಂದವು. ಅಪ್ಪ ಬೊಂಬಾಯಿಗೆ ಹೋದವರು ಮರಳಲಿಲ್ಲ. ಅಮ್ಮ ಅಕ್ಕು ಬೀಡಿ ಕಟ್ಟಿ ಅವಳನ್ನು ಸಾಕಿದಳು. ಅಂಗಳದಲ್ಲಿ ಹೊಸ ಮುಖ ಕಂಡರೆ ಸಾಕು, ಬೀಡಿಯ ಮೊರ ಮಂಚದಡಿ ಸೇರುತ್ತಿತ್ತು, ಆಶ್ರಿತಾ ಬೇಲಿ ನುಸುಳಿ ನೆರೆಯ ಪ್ಯಾಟ್ರಿಶಿಯಾ ಬಾಯಮ್ಮನ ಮನೆಗೆ ಓಡುತ್ತಿದ್ದಳು. ಬಾಯಮ್ಮ ಏನನ್ನೂ ಕೇಳದೆ ಕೊರಳಿನ ಸರ ಬಿಚ್ಚಿ ಕೊಡುತ್ತಿದ್ದರು. ಮುಷ್ಟಿಯೊಳಗೆ ಅದು ಇನ್ನೂ ಬೆಚ್ಚಗಿರುತ್ತಿತ್ತು. ಸರ ಹಾಕಿಕೊಂಡ ಅಮ್ಮ ಎಷ್ಟು ಚಂದ ಕಾಣುತ್ತಿದ್ದಳು! ಬಂದವರು ಇನ್ನಷ್ಟು ಹೊತ್ತು ಕೂತಿರಲಿ ಎಂದು ಹುಡುಗಿಗೆ ಆಸೆಯಾಗುತ್ತಿತ್ತು. ಅಮ್ಮ ಅರ್ಜಿ ಹಾಕಿದ್ದ ಸಹಾಯಧನದ ವಿಚಾರಣೆಗೆ ಅಧಿಕಾರಿ ಬಂದಾಗಲೂ ಅಮ್ಮ ಸರ ಹಾಕಿಯೇ ಬೆಲ್ಲ, ನೀರು ಕೊಟ್ಟಳು. ಸಹಾಯಧನ ಬರಲೇ ಇಲ್ಲ.

ಆ ಸರ ಜಲಜಾಳದ್ದಲ್ಲದೆಯೂ ಇರಬಹುದು ಎಂದು ಆಶ್ರಿತಾ ಹೇಳಿ ನೋಡಿದಳು. ಅವಳೇ ಹಾಗೆ ಹೇಳಲಿ, ಅದನ್ನೂ ತೋರಿಸುವ ಎಂದ ರಿತೇಶ, ದೊಡ್ಡ ಉಪಕಾರ ಮಾಡುವವನಂತೆ. ಆಶ್ರಿತಾ ಕೂಡಲೇ ಜಲಜಾಳಿಗೆ ಫೋನ್ ಮಾಡಿದಳು.

ಜಲಜಾ ದನಿ ತಗ್ಗಿಸಿದಳು. "ಸರ ನೆರೆಮನೆಯದ್ದೇ ಮಗಾ. ಆದರೆ ಟಿವಿಯಲ್ಲಿ ಹೇಳಬೇಡ. ನನಗೆ ಈ ಊರಲ್ಲಿ ತಲೆ ಎತ್ತಿ ನಡೆಯಲಿಕ್ಕುಂಟು."

ಹಣ ನಿಂತರೆ ಎಂತ ಮಾಡ್ತೀರಿ ಎಂದು ಕೇಳಿದ್ದಕ್ಕೆ, ಅದನ್ನು ಆಮೇಲೆ ನೋಡುವ ಎಂದು ಜಲಜಾ ಫೋನ್ ಇಟ್ಟಳು. ಆಶ್ರಿತಾ ಮುಖವನ್ನಷ್ಟೇ ಉಳಿಸಿ ಸರವನ್ನು ಕತ್ತರಿಸಿದಳು. ರಿತೇಶ ಬೇರೊಬ್ಬರನ್ನು ಕೂರಿಸಿ ಸರದ ದೃಶ್ಯವನ್ನು ಮತ್ತೆ ಹಾಕಿಸಿದ.

ಸಂಜೆ ಮನೆ ತಲುಪುವಾಗ ಅಮ್ಮ ಟಿವಿ ಮುಂದಿದ್ದಳು. ಪರದೆ ತುಂಬ ಸರ. ಕೋಟು ತೊಟ್ಟ ನಾಲ್ವರು, ಇಂಥ ತಾಯಂದಿರಿಂದಲೇ ಖಜಾನೆ ಬರಿದಾಯಿತು, ಯೋಜನೆ ನಿಲ್ಲಿಸಬೇಕು ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಅದು ಎರವಲು ಸರವೆಂದು ಅಮ್ಮನಿಗೆ ಗುರುತು ಹತ್ತದೆ ಇರುವುದಿಲ್ಲ, ಇಬ್ಬರೂ ಬಾಯಮ್ಮನನ್ನು ನೆನೆದು ಒಂದಿಷ್ಟು ಅತ್ತಾದರೂ ಹಗುರಾಗಬಹುದು ಎಂದು ಆಶ್ರಿತಾ ಪಕ್ಕದಲ್ಲಿ ಹೋಗಿ ಕೂತಳು.

"ಕೊರಳಲ್ಲಿ ಅಷ್ಟು ದಪ್ಪದ ಸರ ಉಂಟಲ್ವಾ," ಎಂದಳು ಅಕ್ಕು, ಪರದೆಯಿಂದ ಕಣ್ಣು ತೆಗೆಯದೆ. "ಅವಳಿಗೆ ಎಂತಕ್ಕೆ ಮಗಾ ಸರಕಾರದ ಹಣ?"