ಸೆಪ್ ಬೆಂಟಮ್‌ನ ಫೋಡನ್

ಕೆಂಡಲ್ ಊರಿನ ಹಳೆಯ ಲಾರಿ ಡ್ರೈವರುಗಳಲ್ಲಿ ವಿಲ್ಫ್ ಡಾಸನ್‌ನದು ಅಟ್ಕಿನ್‌ಸನ್ ಲಾರಿಯ ಪಕ್ಷ, ಸೆಪ್ ಬೆಂಟಮ್‌ನದು ಫೋಡನ್ ಲಾರಿಯ ಪಕ್ಷ. ಇಬ್ಬರೂ ಸ್ಟಿಯರಿಂಗ್ ಬಿಟ್ಟು ವರ್ಷಗಳೇ ಆಗಿದ್ದರೂ ಜಗಳ ಮಾತ್ರ ನಿವೃತ್ತಿಯಾಗಿರಲಿಲ್ಲ. ಗುರುವಾರ ಬೆಳಿಗ್ಗೆ ಅರ್ನಿಯ ಚಹಾದಂಗಡಿಯಲ್ಲಿ ಕಿಟಕಿ ಪಕ್ಕದ ಮೇಜು ಅವರದು. ಹುರಿದ ಬ್ರೆಡ್ಡು, ಬೇಕನ್ನು ಬರುವಷ್ಟರಲ್ಲಿ ಮಾತು ಶುರುವಾಗಿರುತ್ತಿತ್ತು.

"ನಿನ್ನ ಫೋಡನ್ ಲಾರಿಯಲ್ಲ ಕಣೋ, ಬಾಲ ತುಳಿಸಿಕೊಂಡ ಬೆಕ್ಕು," ಎನ್ನುತ್ತಿದ್ದ ವಿಲ್ಫ್. "ಹೋದ ದಾರಿಯುದ್ದಕ್ಕೂ ಕಿರುಚ್ಕೊಂಡೇ ಹೋಗೋದು."

"ಕಿರುಚಿದ್ರೂ ಹೋಗ್ತಿತ್ತಲ್ಲ! ನಿನ್ನ ಅಟ್ಕಿನ್‌ಸನ್ ಗುಡ್ಡ ಹತ್ತೋ ಹೊತ್ತಿಗೆ ನಾನು ಗ್ಲಾಸ್ಗೋದಲ್ಲಿ ಸರಕು ಇಳಿಸಿ, ಊಟ ಮುಗಿಸಿ, ಪೈಪ್ ಹಚ್ಚಿರ್ತಿದ್ದೆ."

"ನಿಧಾನ ಅನ್ನು, ಒಪ್ಕೋತೀನಿ. ಆದ್ರೆ ನನ್ನ ಗಾರ್ಡ್‌ನರ್ ಎಂಜಿನ್ನು ಒಂದಿನಾನೂ ನನ್ನನ್ನ ದಾರೀಲಿ ಕೂರಿಸ್ಲಿಲ್ಲ."

"ನಡೀತಾ ಇದೆಯೋ ನಿಂತಿದೆಯೋ ಅಂತ ನಿನಗೆ ಗೊತ್ತಾಗ್ತಿತ್ತಾ?"

ಅರ್ನಿ ಕಾವಲಿಯ ಮುಂದೆ ನಿಂತೇ ನಗುತ್ತಿದ್ದ. ಆ ಕಾಲದ ಲಾರಿಗಳ ಚಳಿಯ ವಿಷಯದಲ್ಲಿ ಮಾತ್ರ ಇಬ್ಬರಿಗೂ ಭೇದವಿರಲಿಲ್ಲ. ಮೊಣಕಾಲಿಗೆ ಪತ್ರಿಕೆ ಸುತ್ತಿಕೊಂಡು, ಎಂಜಿನ್ ಮುಚ್ಚಳದ ಮೇಲೆ ಮಾಂಸದ ಕಡುಬು ಬೆಚ್ಚಗಿಟ್ಟುಕೊಂಡು ಶ್ಯಾಪ್ ಗುಡ್ಡ ದಾಟಿದವರು ಇಬ್ಬರೂ. ಗುಡ್ಡವನ್ನು ತಪ್ಪಿಸಿ ದೊಡ್ಡ ಮೋಟಾರು ಹೆದ್ದಾರಿ ಬಂದಾಗ ಹಳೆಯ ರಸ್ತೆ ಕುರಿಗಳ ಪಾಲಾಯಿತು. ಸೆಪ್ ತನ್ನ ಕಂಪನಿ ಗುಜರಿಗೆ ಹಾಕಲಿದ್ದ ಫೋಡನ್ನನ್ನು ಕೊಂಡು, ಮನೆಯ ಹಿಂದಿನ ಕೊಟ್ಟಿಗೆಯಲ್ಲಿಟ್ಟು, ತಿಕ್ಕಿ ತೀಡಿ, ಹಸಿರು ಬಣ್ಣ ಬಳಿದು ಮದುಮಗಳ ಹಾಗೆ ಮಾಡಿದ್ದ. ವಿಲ್ಫ್ ಒಮ್ಮೆಯೂ ಅದನ್ನು ಹತ್ತಿರಲಿಲ್ಲ. ಹತ್ತಿದರೆ ಸೋತಂತೆ ಎಂದು ಅವನ ಹಟ.

ಆ ವರ್ಷ ಮಾರ್ಚ್‌ನಲ್ಲಿ ಸೆಪ್ ಆಸ್ಪತ್ರೆ ಸೇರಿದ. ವಿಲ್ಫ್ ದ್ರಾಕ್ಷಿ ತೆಗೆದುಕೊಂಡು ನೋಡಲು ಹೋದ ಮಧ್ಯಾಹ್ನ ಅವನು ದಿಂಬಿಗೊರಗಿ ಕೂತಿದ್ದ. ಮುಖ ಸಣ್ಣದಾಗಿತ್ತು. ಮಾತು ಮಾತ್ರ ಸಣ್ಣದಾಗಿರಲಿಲ್ಲ.

"ಲೋ ವಿಲ್ಫ್, ನಂದು ಮುಗೀತು. ನನ್ನನ್ನ ಶ್ಯಾಪ್‌ಗೆ ನೀನೇ ತಗೊಂಡು ಹೋಗ್ಬೇಕು. ಅವಳ ಪಕ್ಕಕ್ಕೆ."

ಅವನ ಹೆಂಡತಿಯನ್ನು ಮಣ್ಣು ಮಾಡಿದ್ದು ಗುಡ್ಡದಾಚೆಯ ಶ್ಯಾಪ್ ಹಳ್ಳಿಯ ಚರ್ಚಿನಲ್ಲಿ.

"ಇನ್ನೂ ದ್ರಾಕ್ಷಿ ತಿಂದಿಲ್ಲ, ಆಗ್ಲೇ ಹೊರಟ್ಯಾ? ಆಗ್ಲಿ ಬಿಡು, ಹೆಣ ಒಯ್ಯೋ ಕರಿ ಕಾರಿನ ಹಿಂದೆ ಬರ್ತೀನಿ."

"ಕರಿ ಕಾರಲ್ಲಿ ಹೋಗಕ್ಕೆ ನಾನೇನು ಬ್ಯಾಂಕ್ ಮ್ಯಾನೇಜರಾ? ಫೋಡನ್ನಲ್ಲಿ ಹೋಗ್ತೀನಿ. ಹಳೇ ರಸ್ತೇಲಿ. ನೀನು ಓಡಿಸ್ಬೇಕು."

"ನಾನಾ? ಆ ಬೆಕ್ಕನ್ನಾ? ಬೇರೆ ಯಾರಾದ್ರೂ…"

"ನಲವತ್ತು ವರ್ಷ ಸುಮ್ಸುಮ್ನೆ ಬೈದಿದೀಯ. ಒಂದು ಸಲ ಓಡಿಸಿ, ಆಮೇಲೆ ಬೈ." ಸೆಪ್ ಕಣ್ಣು ಮುಚ್ಚಿಕೊಂಡ. "ಮುದ್ದು ಮಾಡಕ್ಕೆ ಹೋಗ್ಬೇಡ ಅದನ್ನ. ಕೋಪ ಬಂದೋನ ಥರ ಓಡಿಸು."

ಮುಂದಿನ ವಾರ ಸೆಪ್ ತೀರಿಕೊಂಡ.

ಮಣ್ಣಿನ ದಿನ ಬಿಸಿಲು ತೆಳ್ಳಗೆ ಬಿದ್ದಿತ್ತು. ಸೆಪ್‌ನ ಮಗಳು ಗ್ಲೆನಿಸ್ ಕೊಟ್ಟಿಗೆಯ ಬಾಗಿಲು ತೆಗೆದಳು. ಲಾರಿಯ ಹಿಂದಿನ ಹಲಗೆಯ ಮೇಲೆ ಪೆಟ್ಟಿಗೆಯಿಟ್ಟ ಮೇಲೆ, ಶವಸಂಸ್ಕಾರದವರು ಬಿಗಿಯಲು ತಂದಿದ್ದ ಪಟ್ಟಿಗಳನ್ನು ವಿಲ್ಫ್ ಕಣ್ಣೆತ್ತಿಯೂ ನೋಡದೆ ಬದಿಗಿಟ್ಟ. ಹಗ್ಗ ತರಿಸಿ, ಅಂಚಿನಿಂದ ಅಂಚಿಗೆ ಎಳೆದು, ಲಾರಿಯವರ ಗಂಟನ್ನೇ ಹಾಕಿದ. ಮೇಲೆ ಡ್ಯಾಫೊಡಿಲ್ ಹೂವು. ಗ್ಲೆನಿಸ್ ಬಂದು ಪಕ್ಕದ ಸೀಟಿನಲ್ಲಿ ಕೂತಳು.

"ಗೇರು ಗೊತ್ತಾ ಮಾವ?"

"ಎರಡು ಕೋಲು, ಹನ್ನೆರಡು ಗೇರು. ಅಷ್ಟು ಗೊತ್ತು. ಯಾವುದು ಎಲ್ಲಿದೆ ಅಂತ ದಾರೀಲಿ ನೋಡ್ಕೊಂಡ್ರಾಯ್ತು."

ಊರಿನೊಳಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಜನ ಟೋಪಿ ತೆಗೆದು ನಿಂತರು. ಹಿಂದೆ ಕಾರುಗಳ ಸಾಲು, ಮೊದಲನೆಯದು ಅರ್ನಿಯದು. ವಿಲ್ಫ್ ಬೆನ್ನು ನೆಟ್ಟಗೆ ಮಾಡಿಕೊಂಡು, ಮರ್ಯಾದೆಯ ನಿಧಾನದಲ್ಲಿ, ಎಂಜಿನ್ನು ಗುನುಗುವಷ್ಟೇ ಮಾಡಿ ಓಡಿಸಿದ. ಇದೇನು ಮಹಾ ವಿದ್ಯೆ ಎಂದೂ ಅನಿಸಿತು.

ಹಕ್ಸ್ ಸೇತುವೆ ದಾಟಿ ಏರು ಶುರುವಾದದ್ದೇ ತಡ, ಲಾರಿಯ ಉಸಿರು ಕಟ್ಟಿತು. ಅವನು ಗೇರು ಇಳಿಸಲು ನೋಡಿದ. ಒಂದು ಕೋಲು ಸಿಕ್ಕಿತು, ಇನ್ನೊಂದು ಕೈಕೊಟ್ಟಿತು. ಕಟಕಟ ಹಲ್ಲು ಕಡಿದ ಸದ್ದು. ಫೋಡನ್ ಒಮ್ಮೆ ಕೊಸರಿ ರಸ್ತೆಯ ಮಧ್ಯೆ ನಿಂತೇ ಹೋಯಿತು. ವಿಲ್ಫ್ ಕೈಬ್ರೇಕನ್ನು ಎರಡೂ ಕೈಯಿಂದ ಎಳೆದ. ಹಿಂದೆ ಅಷ್ಟೂ ಕಾರುಗಳು ನಿಂತವು. ಅರ್ನಿ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: "ಅಟ್ಕಿನ್‌ಸನ್ ಕರೆಸ್ಲೇನಯ್ಯಾ ಎಳೆಯಕ್ಕೆ?"

ಕಾರುಗಳಲ್ಲಿ ನಗು ಕೇಳಿಸಿತು. ವಿಲ್ಫ್‌ನ ಕಿವಿ ಕೆಂಪಾಯಿತು. ಸತ್ತವನನ್ನು ಅವನು ಹತ್ತಿಳಿದ ಗುಡ್ಡದಲ್ಲೇ ಅರ್ಧದಾರಿಯಲ್ಲಿ ಕೂರಿಸಿದೆನಲ್ಲ ಎಂದು ನಾಚಿಕೆಯೂ ಆಯಿತು. ಗ್ಲೆನಿಸ್ ಮುಂದೆ ನೋಡುತ್ತ ತುಟಿ ಬಿಗಿಹಿಡಿದು ಕೂತಿದ್ದಳು. ತಡೆಯುತ್ತಿದ್ದದ್ದು ಅಳುವನ್ನೋ ನಗುವನ್ನೋ ತಿಳಿಯಲಿಲ್ಲ.

ವಿಲ್ಫ್ ತಿರುಗಿ ಹಿಂದಿನ ಗಾಜಿನ ಕಡೆ ಕೂಗಿದ: "ಬೇಕೂಂತಲೇ ಮಾಡ್ದೆ ಅಲ್ವೇನೋ ಮುದಿಯಾ? ನನ್ನ ಮಾನ ಕಳೀಬೇಕೂಂತ್ಲೇ ಇಲ್ಲಿಗೆ ಹತ್ತಿಸ್ದೆ! ತಾಳು, ನೋಡೇಬಿಡ್ತೀನಿ!"

ಕೋಪ ಬಂದಿತ್ತು. ನಿಜವಾದ ಕೋಪ. ಎಲ್ಲಕ್ಕಿಂತ ಕೆಳಗಿನ ಗೇರಿಗೆ ಹಾಕಿ ಪೆಡಲನ್ನು ನೆಲಕ್ಕೇ ತುಳಿದ. ಎಂಜಿನ್ನು ಗುಡ್ಡವೆಲ್ಲ ಪ್ರತಿಧ್ವನಿಸುವಂತೆ ಕಿರುಚಿತು. ಬ್ರೇಕು ಬಿಟ್ಟ. ಫೋಡನ್ ಹಿಂದಕ್ಕೆ ಒಂದಿಂಚೂ ಜಾರದೆ ಮುಂದಕ್ಕೆ ನುಗ್ಗಿತು. ಆ ಕಿರುಚಾಟ ಇಳಿಯಲು ಬಿಡದೆ ಗೇರು ಬದಲಿಸಿದ; ಬಿತ್ತು. ಇನ್ನೊಂದು; ಅದೂ ಬಿತ್ತು. ಕುರಿಗಳು ಚೆಲ್ಲಾಪಿಲ್ಲಿಯಾಗಿ ಓಡಿದವು. ಕಲ್ಲಿನ ಗೋಡೆಗಳು, ಒಣಗಿದ ಹುಲ್ಲಿನ ಇಳಿಜಾರು ಪಕ್ಕದಲ್ಲಿ ಸರಿದುಹೋದವು. ಗ್ಲೆನಿಸ್ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಬಾಯ್ತುಂಬ ನಗುತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು. ತಾನೂ ನಗುತ್ತಿದ್ದೇನೆಂದು ವಿಲ್ಫ್‌ಗೆ ತಿಳಿದದ್ದು ಗುಡ್ಡದ ನೆತ್ತಿ ತಲುಪಿದ ಮೇಲೆ. ಕನ್ನಡಿಯಲ್ಲಿ ನೋಡಿದರೆ ಕಾರುಗಳು ಎಲ್ಲೋ ಕೆಳಗೆ. ಹಗ್ಗ ಹಾಕಿದಂತೆಯೇ ಬಿಗಿಯಾಗಿತ್ತು. ಹೂವು ಅರ್ಧ ಹಾರಿಹೋಗಿತ್ತು.

ಚರ್ಚಿನ ಬಾಗಿಲಲ್ಲಿ ಅವರು ಬಳಗಕ್ಕಾಗಿ ಕಾಯಬೇಕಾಯಿತು. ಪಾದ್ರಿ ಗಡಿಯಾರ ನೋಡಿಕೊಂಡು, "ಬೇಗ ಬಂದ್ರಿ," ಅಂದರು.

"ಅವನಿಗೆ ಅವಸರವಿತ್ತು," ಅಂದ ವಿಲ್ಫ್.

ಮಣ್ಣು ಹಾಕಿದ ಮೇಲೆ ಹಳ್ಳಿಯ ಸಭಾಂಗಣದಲ್ಲಿ ಚಹಾ, ಹ್ಯಾಮ್ ಸ್ಯಾಂಡ್‌ವಿಚ್ಚು. ಹಳೆಯ ಡ್ರೈವರುಗಳೆಲ್ಲ ವಿಲ್ಫ್‌ನ ಸುತ್ತ ನೆರೆದರು. ಅರ್ನಿ ಎಲ್ಲರ ಪರವಾಗಿ ಕೇಳಿದ: "ಈಗ ಹೇಳಪ್ಪ. ಫೋಡನ್ ಹೇಗೆ?"

ವಿಲ್ಫ್ ಸ್ಯಾಂಡ್‌ವಿಚ್ಚನ್ನು ನಿಧಾನವಾಗಿ ಅಗಿದ. ಸುಳ್ಳು ಹೇಳಬಹುದಿತ್ತು, ಎದುರಾಡಲು ಸೆಪ್ ಇರಲಿಲ್ಲ. ಆದರೆ ಅವನಿಲ್ಲದ ಕಡೆ ಗೆದ್ದರೆ ಅದರಲ್ಲಿ ರುಚಿಯೇನು?

"ಹತ್ತುತ್ತೆ," ಅಂದ. "ಅಟ್ಕಿನ್‌ಸನ್‌ಗಿಂತ ಚೆನ್ನಾಗೇ ಹತ್ತುತ್ತೆ." ಯಾರೂ ಚಪ್ಪಾಳೆ ಹೊಡೆಯುವ ಮುಂಚೆ ಬೆರಳೆತ್ತಿದ. "ಆದ್ರೆ ಸೀಟು ಮಾತ್ರ ಹಲಗೆ. ನನ್ನ ಕುಂಡೆ ಇನ್ನೂ ಉರೀತಿದೆ."

ವಾಪಸು ಹೊರಟಾಗಲೂ ಗ್ಲೆನಿಸ್ ಪಕ್ಕದ ಸೀಟಿನಲ್ಲೇ ಕೂತಿದ್ದಳು. ಗುಡ್ಡದ ನೆತ್ತಿಯಲ್ಲಿ, ಹಿಂದೆ ಲಾರಿಯವರ ಹೋಟೆಲಿದ್ದ ಕಡೆ, ಹುಲ್ಲು ಬೆಳೆದ ಖಾಲಿ ಬಯಲೊಂದಿತ್ತು. ಅಲ್ಲಿಗೆ ಬಂದಾಗ ಕೇಳಿದಳು:

"ಮಾವ, ಇದನ್ನ ಮಾರ್ಬೇಕಾ? ಅಪ್ಪ ಒಂದಿನಾನೂ ನನ್ನ ಕೈಗೆ ಸ್ಟಿಯರಿಂಗ್ ಕೊಡ್ಲಿಲ್ಲ. 'ನಿನಗೆ ಒಗ್ಗಲ್ಲ' ಅಂತಿದ್ರು."

"ಹಾಗಂದ್ನಾ?" ವಿಲ್ಫ್ ಲಾರಿಯನ್ನು ಬಯಲಿಗೆ ತಿರುಗಿಸಿ ನಿಲ್ಲಿಸಿದ. ಇಳಿದು, ಸೊಂಟ ನೆಟ್ಟಗೆ ಮಾಡಿಕೊಂಡು, ಮುಂದಿನಿಂದ ಸುತ್ತಿ ಬಂದು ಅವಳ ಬಾಗಿಲು ತೆಗೆದ. "ಸರಿ, ಆ ಕಡೆ ಸರೀಮ್ಮ."

ಅವಳು ಸ್ಟಿಯರಿಂಗ್ ಮುಂದೆ ಸರಿದು, ಕರಿ ಕೋಟು ಬಿಚ್ಚಿ, ಪಕ್ಕಕ್ಕೆ ಹತ್ತಿ ಕೂತ ಅವನ ಮಡಿಲಿಗೆ ಹಾಕಿದಳು. ಮೊದಲ ಸಲ ಎಂಜಿನ್ನು ನಿಂತುಹೋಯಿತು. ಎರಡನೆಯ ಸಲ ಲಾರಿ ಕಪ್ಪೆಯ ಹಾಗೆ ಕುಪ್ಪಳಿಸಿತು. ವಿಲ್ಫ್‌ನ ತಲೆ ಚಾವಣಿಗೆ ಬಡಿಯಿತು. ಮತ್ತೊಮ್ಮೆ ಗೇರು ಹಾಕಿದಾಗ ಅದು ಬಯಲಿನ ಅಂಚು ಹಿಡಿದು ಮೆಲ್ಲಗೆ ಹೊರಟಿತು. ಒಂದು ಸುತ್ತು ಬಂದ ಮೇಲೆ ಅವಳು ತಾನಾಗಿಯೇ ಮುಂದಿನ ಗೇರಿಗೆ ಕೈ ಹಾಕಿದಳು.