ಸುಂಕಾರು ಮಾಮನ ಸೈಕಲ್ಲೂ ಆರುನೂರ ಹನ್ನೊಂದು ಗೋಲಿಗಳೂ

ಸೋತೆನೆಂದು ಒಪ್ಪಿಕೊಂಡಿದ್ದ ಅಧ್ಯಕ್ಷ ಎಂಟನೆಯ ದಿನ ಅದೇ ಟಿವಿಯಲ್ಲಿ, ಅದೇ ಬಿಳಿ ನಿಲುವಂಗಿಯಲ್ಲಿ ಕೂತು ಮಾತು ತಿರುಗಿಸಿಬಿಟ್ಟ. ಚುನಾವಣೆಯಲ್ಲಿ ಮೋಸವಾಗಿದೆಯಂತೆ. ದೇಶದ ಸ್ಥಿರತೆಗಾಗಿ ತಾನು ಕುರ್ಚಿಯಲ್ಲೇ ಉಳಿಯಬೇಕಂತೆ. ಸ್ಥಿರತೆಯಂತೆ ಸ್ಥಿರತೆ! ಇಡೀ ಗ್ಯಾಂಬಿಯಾದಲ್ಲಿ ಇಪ್ಪತ್ತು ವರ್ಷದಿಂದ ಸ್ಥಿರವಾಗಿರುವುದು ಮಾರೋಂಗ್ ಕುಂದಾ ಶಾಲೆಯ ಸೋರುವ ಸೂರು ಒಂದೇ ಎಂದು ತೀಡಾ ಸಾನ್ಯಾಂಗ್ ಅದೇ ಭಾಷಣ ಒದರುತ್ತಿದ್ದ ರೇಡಿಯೊದ ಕಿವಿ ಹಿಂಡಿ ಬಾಯಿ ಮುಚ್ಚಿಸಿದಳು. ಅವಳು ಆ ಶಾಲೆಯ ಟೀಚರು. ಚುನಾವಣೆಯ ದಿನ ಅದೇ ಶಾಲೆಯ ಮತಗಟ್ಟೆಗೆ ಮುಖ್ಯಾಧಿಕಾರಿಯೂ ಅವಳೇ.

ಒಂಬತ್ತನೆಯ ದಿನ ಬೆಳಿಗ್ಗೆ ಶಾಲೆಯ ಅಂಗಳಕ್ಕೆ ಜೀಪು ಬಂತು. ಇಳಿದವನು ಜಿಲ್ಲೆಯ ಕಚೇರಿಯ ಜೋಬೆ. ಹಿಂದೆ ಬಂದೂಕಿನವರು ಇಬ್ಬರು.

“ಏನೂ ಗಾಬರಿ ಬೇಡ ಮೇಡಂ, ಒಂದು ಸಹಿ ಅಷ್ಟೆ,” ಎಂದು ಜೋಬೆ ಮೇಜಿನ ಮೇಲೆ ಕಾಗದ ಹರಡಿದ. “ನೀವೇ ಬರೆದಿರೋ ವಿಷಯ. ನಾವೇನೂ ಹೊಸದಾಗಿ ಹುಟ್ಟಿಸಿಲ್ಲ.”

ತೀಡಾ ಓದಿದಳು. ಓದುತ್ತಾ ಓದುತ್ತಾ ಅವಳ ಮೈಯೆಲ್ಲ ಉರಿಯಿತು.

ಮತದಾನದ ದಿನ ಸಾಲಿನಲ್ಲಿ ಬಂದ ಒಬ್ಬೊಬ್ಬರ ಅಂಗೈಗೂ ಅವಳು ಒಂದೊಂದು ಗಾಜಿನ ಗೋಲಿ ಇಟ್ಟಿದ್ದಳು. ಆ ದೇಶದಲ್ಲಿ ಮತಪತ್ರವಿಲ್ಲ, ಗೋಲಿಯೇ ಮತ. ಮರೆಗೆ ಹೋಗಿ ತಮಗೆ ಬೇಕಾದವನ ಚಿತ್ರವಿರುವ ಡ್ರಮ್ಮಿಗೆ ಹಾಕಿದರೆ ಒಳಗಿನ ಗಂಟೆ ಒಮ್ಮೆ ಠಣ್ ಎನ್ನಬೇಕು. ಎರಡು ಸಲ ಎಂದರೆ ಯಾರೋ ಕೈಚಳಕ ತೋರಿಸಿದ್ದಾರೆ ಎಂದೇ ಅರ್ಥ. ಆ ಠಣ್ಣಿನೊಡನೆ ಬೆಲ್ಲಿನ ಸದ್ದು ಕಲೆಯಬಾರದೆಂದೇ ಆ ದಿನ ಮತಗಟ್ಟೆಯ ಸುತ್ತ ಸೈಕಲ್ ಸುಳಿಯಕೂಡದು. ಇದು ಊರಿನ ಕೂಸಿಗೂ ಗೊತ್ತು. ಬ್ರೆಡ್ಡು ಮಾರುವ ಸುಂಕಾರು ಮಾಮನಿಗೂ ಗೊತ್ತು. ಆದರೆ ನಲವತ್ತು ವರ್ಷದಿಂದ ಶಾಲೆಯ ಮೂಲೆ ತಿರುಗುವಾಗ ಬೆಲ್ಲು ಒತ್ತಿದ ಹೆಬ್ಬೆರಳಿಗೆ ಚುನಾವಣೆ ಗಿನಾವಣೆ ಏನು ತಿಳಿಯುತ್ತದೆ? ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಟ್ರಿಣ್ ಎಂದಿತು. ಸಾಲಿಗೆ ಸಾಲೇ ನಕ್ಕಿತು. ಪಕ್ಷಗಳ ಏಜೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ತೀಡಾ ಮಾತ್ರ ನಗದೆ ಮಾಮನನ್ನು ಬೈದು ಓಡಿಸಿ, ನಿಯಮವಿದ್ದ ಹಾಗೆ ಮತಗಟ್ಟೆಯ ಪುಸ್ತಕದಲ್ಲಿ ಬರೆದಿಟ್ಟಳು: ಸೈಕಲ್ ಬೆಲ್ಲು, ಒಂದು ಸಲ, ಹತ್ತು ನಲವತ್ತು.

ಪ್ರಾಮಾಣಿಕಳಾಗಿ ಬರೆದ ಆ ಒಂದು ಸಾಲನ್ನೇ ಈ ಭಂಡರು ಹಿಡಿದುಕೊಂಡಿದ್ದರು. ಕಾಗದದ ಪ್ರಕಾರ, ಸುಂಕಾರು ಎಂಬಾತ ಸಂಚು ಮಾಡಿ ದಿನವಿಡೀ ಬೆಲ್ಲು ಬಾರಿಸಿದ. ಯಾವುದು ಮತದ ಗಂಟೆ, ಯಾವುದು ಸೈಕಲ್ಲಿನದು ಎಂದು ತಿಳಿಯಲಿಲ್ಲ. ಆದ್ದರಿಂದ ಈ ಮತಗಟ್ಟೆಯ ಎಲ್ಲ ಮತ ರದ್ದಾಗಬೇಕು. ಕೆಳಗೆ ತೀಡಾಳ ಹೆಸರು, ಸಹಿಗೆ ಜಾಗ.

“ದಿನವಿಡೀ ಅಂತ ನಾನೆಲ್ಲಿ ಬರೆದೆ?”

“ಒಂದು ಸಲ ಹೊಡೆದವನು ಹತ್ತು ಸಲ ಹೊಡೆಯಲ್ಲ ಅಂತ ಏನು ಗ್ಯಾರಂಟಿ ಮೇಡಂ?”

“ಹತ್ತಲ್ಲ, ಸಾವಿರ ಸಲ ಹೊಡೀಲಿ! ನಾವು ಎಣಿಸಿದ್ದು ಗೋಲಿ ಸ್ವಾಮಿ, ಗಂಟೆಯಲ್ಲ! ಎಲ್ಲರ ಕಣ್ಣೆದುರಿಗೆ ಹಲಗೆಯ ಕುಳಿಗಳಲ್ಲಿ ಒಂದೊಂದಾಗಿ ಕೂರಿಸಿ ಎಣಿಸಿದ್ದೀವಿ. ಬಂದ ಜನ ಆರುನೂರ ಹನ್ನೊಂದು, ಗೋಲಿ ಆರುನೂರ ಹನ್ನೊಂದು. ನಿಮ್ಮ ಪಕ್ಷದ ಏಜೆಂಟನೇ ಎರಡು ಸಲ ಮುಟ್ಟಿ ಮುಟ್ಟಿ ನೋಡಿದ. ಅವನ ಸಹಿಯೂ ಇದೆ!”

“ಅವನು ನಿನ್ನೆ ಈ ಕಾಗದಕ್ಕೂ ಸಹಿ ಹಾಕಿದ,” ಎಂದ ಜೋಬೆ, ತಣ್ಣಗೆ.

ತೂ, ನಾಚಿಕೆಗೆಟ್ಟವನೇ ಎಂದುಕೊಂಡಳು ತೀಡಾ. ಅಂದು ಮಧ್ಯಾಹ್ನ ತನ್ನ ಬುತ್ತಿಯ ಕಡಲೆಕಾಯಿ ಸಾರನ್ನ ಹಂಚಿಕೊಂಡು ತಿಂದವನು ಅವನು.

“ನೋಡಿ, ನೀವು ಸಹಿ ಹಾಕಿದರೆ ಆ ಮುದುಕನೊಬ್ಬನನ್ನ ಕರ್ಕೊಂಡು ಹೋಗ್ತೀವಿ. ಹಾಕದಿದ್ರೆ ಸಂಚಿನಲ್ಲಿ ನಿಮ್ಮದೂ ಕೈಯಿದೆ ಅಂತಾಯ್ತು. ನಿಮ್ಮನ್ನ ಕರ್ಕೊಂಡು ಹೋಗ್ತೀವಿ. ಕೆಲಸವೂ ಹೋಗತ್ತೆ. ಮನೇಲಿ ಮಕ್ಕಳಿವೆಯಲ್ಲ?”

ಇದ್ದವು, ಎರಡು. ಅವುಗಳ ಅಪ್ಪ ದೋಣಿಯ ಮೇಲೆ ಹೋದವನು ತಿಂಗಳಾದರೂ ಬಂದಿರಲಿಲ್ಲ. ತೀಡಾ ಏನು ಕಲ್ಲಲ್ಲ, ರಾಜಧಾನಿಯ ಜೈಲಿಗೆ ಹೋದವರ ಸುದ್ದಿ ಅವಳೂ ಕೇಳಿದ್ದಳು. ಒಂದು ಕ್ಷಣ ಪೆನ್ನು ಎತ್ತಿಯೂ ಬಿಟ್ಟಳು. ಆದರೆ ಮತದಾನದ ದಿನದ ಆ ಜನರ ಸಾಲು ಕಣ್ಣಿಗೆ ಕಟ್ಟಿತು. ಬೆಳಗಿನ ಆರಕ್ಕೇ ಬಂದು ಮಣೆ ಹಾಕಿಕೊಂಡು ಕೂತಿದ್ದ ಮುದುಕಿಯರು, ಬೆನ್ನಿಗೆ ಮಗು ಕಟ್ಟಿಕೊಂಡು ಬಿಸಿಲಲ್ಲಿ ನಾಲ್ಕು ತಾಸು ನಿಂತ ಹೆಂಗಸರು. ಅವಳು ಪೆನ್ನು ಕೆಳಗಿಟ್ಟಳು.

“ಇದಕ್ಕೆ ನಾನು ಸಹಿ ಹಾಕಲ್ಲ. ಏನು ಮಾಡ್ಕೋತೀರೋ ಮಾಡ್ಕೊಳ್ಳಿ.”

ಅಷ್ಟರಲ್ಲಿ ಅರ್ಧ ಊರು ಅಂಗಳದಲ್ಲಿತ್ತು. ಹೊರಗೆ ನಿಂತು ಮಾತೆಲ್ಲ ಕೇಳಿಸಿಕೊಂಡಿದ್ದ ಸುಂಕಾರು ಮಾಮ ಜನರನ್ನು ಸರಿಸಿಕೊಂಡು ಒಳಗೆ ಬಂದ. ಸೈಕಲ್ಲನ್ನು ತಳ್ಳಿಕೊಂಡೇ ಬಂದಿದ್ದ, ಹಿಂದಿನ ಬುಟ್ಟಿಯಲ್ಲಿ ಬ್ರೆಡ್ಡು ಹಾಗೇ ಇತ್ತು.

“ಸಾಹೇಬರೇ, ನಾನೇ ಹೊಡೆದೆ,” ಎಂದ. “ಬೆಳಗಿಂದ ಸಂಜೆವರೆಗೂ ಹೊಡೆದೆ. ನೂರು ಸಲ ಅಂತಲೇ ಬರ್ಕೊಳ್ಳಿ. ಟೀಚರನ್ನ ಬಿಟ್ಟುಬಿಡಿ, ಚಿಕ್ಕ ಮಕ್ಕಳಿವೆ ಅವಳಿಗೆ.”

ಜೋಬೆಯ ಮುಖ ಅರಳಿತು. ತೀಡಾಳಿಗೆ ಸಿಟ್ಟು ನೆತ್ತಿಗೇರಿತು.

“ಮಾಮ, ಬಾಯಿ ಮುಚ್ಚು! ತಲೆ ನೆಟ್ಟಗಿದೆಯಾ ನಿನಗೆ?”

“ಸುಮ್ನಿರೇ ಹುಡುಗಿ. ನನಗಿನ್ನೆಷ್ಟು ದಿನ? ಜೈಲಲ್ಲೂ ಅನ್ನ ಹಾಕ್ತಾರೆ.”

“ನಿನ್ನ ಅನ್ನದ ಚಿಂತೆ ಯಾರಿಗಿದೆ ಇಲ್ಲಿ? ಅವರಿಗೆ ನೀನೂ ಬೇಡ, ನಿನ್ನ ತುಕ್ಕು ಹಿಡಿದ ಬೆಲ್ಲೂ ಬೇಡ. ಅವರಿಗೆ ಬೇಕಾಗಿರೋದು ಆ ಗೋಲಿಗಳು!” ತೀಡಾ ಅಂಗಳದ ಕಡೆ ಕೈ ಚಾಚಿದಳು. “ಅಲ್ಲಿ ನೋಡು. ನಿನ್ನ ಹೆಂಡತಿ ಹಾಕಿದ್ದು, ನಿನ್ನ ಅಕ್ಕ ಕಣ್ಣು ಕಾಣದೆ ತಡಕಾಡಿಕೊಂಡು ಹೋಗಿ ಹಾಕಿದ್ದು, ಎಲ್ಲ ನಿನ್ನ ಒಂದು ಸುಳ್ಳಿಗೆ ಕಸ ಆಗತ್ತೆ. ನನ್ನನ್ನ ಉಳಿಸೋಕೆ ಅವರನ್ನೆಲ್ಲ ಮಾರ್ತೀಯಾ? ಯಾರು ಕೇಳಿದ್ರು ನಿನ್ನ ಈ ಉಪಕಾರ?”

ಇಷ್ಟು ಜನರ ಮುಂದೆ ಮಾಮನಿಗೆ ಯಾರೂ ಹೀಗೆ ಬೈದಿರಲಿಲ್ಲ. ಆದರೂ ತೀಡಾ ಮಾತು ಹಿಂತೆಗೆದುಕೊಳ್ಳಲಿಲ್ಲ.

“ಸಾಕು ನಿಮ್ಮ ನಾಟಕ,” ಎಂದು ಜೋಬೆ ಪೆನ್ನು ತೆರೆದ. “ಮುದುಕ, ನೀನು ಸರಿಯಾಗಿ ಹೇಳು. ಎಷ್ಟು ಸಲ ಹೊಡೆದೆ?”

ಮಾಮ ಅಂಗಳದಲ್ಲಿ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಅವನ ಅಕ್ಕ ಗೋಡೆ ಹಿಡಿದು ನಿಂತು, ದನಿ ಬಂದ ಕಡೆ ಕಿವಿಗೊಟ್ಟಿದ್ದಳು.

“ಒಂದು,” ಎಂದ ಮಾಮ.

“ಈಗ ತಾನೆ ನೂರು ಅಂದೆಯಲ್ಲೋ!”

“ಆಗ ಸುಳ್ಳು ಹೇಳ್ದೆ. ಈಗ ನಿಜ ಹೇಳ್ತಿದೀನಿ. ಒಂದೇ ಒಂದು. ಟೀಚರು ಬರೆದಿದ್ದೇ ಸರಿ. ಬರ್ಕೊಳ್ಳಿ ಮತ್ತೆ, ಯಾಕೆ ನಿಲ್ಲಿಸಿದಿರಿ?”

ಜೋಬೆ ಬರೆಯಲಿಲ್ಲ. ಇಬ್ಬರನ್ನೂ ಹತ್ತಿಸಿ ಎಂದು ಬಂದೂಕಿನವರಿಗೆ ಕೂಗಿ ಹೇಳಿದ. ಸುದ್ದಿ ತಿಳಿದು ಮನೆಯಿಂದ ಓಡಿಬಂದಿದ್ದ ಮಕ್ಕಳನ್ನು ತೀಡಾ ಮಾಮನ ಹೆಂಡತಿಯ ಕೈಗೆ ಒಪ್ಪಿಸಿ, ಯಾರ ಕೈಯನ್ನೂ ಹಿಡಿಯದೆ ಜೀಪಿನ ಹಿಂದೆ ಹತ್ತಿ ಕೂತಳು. ಆಮೇಲೆ ಸ್ವಲ್ಪ ಒತ್ತರಿಸಿಕೊಂಡು ಮುದುಕನಿಗೆ ಜಾಗ ಮಾಡಿಕೊಟ್ಟಳು. ಜೋಬೆ ಮುಂದಿನ ಸೀಟಿನಲ್ಲಿ ಕೂತು ಕಾಗದ ಮಡಚಿದ. ಸಹಿಯ ಜಾಗ ಇನ್ನೂ ಖಾಲಿಯಾಗಿಯೇ ಇತ್ತು.